ಬೇಲಿಯಾಚೆಯ ಚಕ್ಕೋತ

ಸೂಲಿಬೆಲೆ ರಸ್ತೆ, ದೇವನಹಳ್ಳಿ ತಾಲ್ಲೂಕು
11 ನವೆಂಬರ್ 2025, ಮಂಗಳವಾರ

ನೆಲಮಂಗಲದ ಡಾಕ್ಟರಮ್ಮನವರಿಗೆ, ಅಂದರೆ ನನ್ನ ಹೊಟ್ಟೆಯಲ್ಲೇ ಹುಟ್ಟಿದ ರಮ್ಯಳಿಗೆ,

ನಿನ್ನ ಅಮ್ಮ ಮುನಿಲಕ್ಷ್ಮಮ್ಮ ಬರೆಯುತ್ತಿರುವುದು. ಆಶೀರ್ವಾದ ಕೊನೆಯಲ್ಲಿ ಬರುತ್ತದೆ, ಉಳಿದಿದ್ದರೆ. ಮೊದಲು ತಕರಾರು.

ಓದು ಮುಗಿದ ಕೂಡಲೇ ನನ್ನ ಮೊಣಕಾಲಿಗೆ ನಿನ್ನ ಕೈಯಾರೆ ಅಕ್ಯುಪಂಕ್ಚರ್ ಸೂಜಿ ಹಾಕುತ್ತೇನೆ ಎಂದಿದ್ದೆ. ಹಾಕಲಿಲ್ಲ.
ಆಸ್ಪತ್ರೆಯಲ್ಲಿ ಮೊಣಕಾಲು ನೋವಿನ ಅಧ್ಯಯನ ಶುರುವಾಗುತ್ತದೆ, ಬಾ ಅಮ್ಮ ಎಂದಿದ್ದೆ. ಬಂದೆ. ಬಾಗಿಲಿನಿಂದಲೇ ವಾಪಸು ಕಳಿಸಿದೆ.
ಯುಗಾದಿಗೆ ಬರುತ್ತೇನೆ ಎಂದೆ. ನಿನ್ನ ಪಾಲಿನ ಒಬ್ಬಟ್ಟು ಹಳಸಿತು.
ಗೌರಿ ಹಬ್ಬಕ್ಕೆ ಬರುತ್ತೇನೆ ಎಂದೆ. ಫೋನು ಬಂತು.
ದೀಪಾವಳಿಗೆ ಖಂಡಿತ ಎಂದೆ. ಫೋನೂ ಬರಲಿಲ್ಲ.

ನನಗೆ ಇಲ್ಲ ಎಂದ ಆ ಸೂಜಿ, ಆ ಹೊತ್ತು, ಆ ಕೈ ಯಾರಿಗೆ ಸಿಕ್ಕಿತು? ಬೇಲಿಯ ಆಚೆ ಮನೆಯ ಭಾಗ್ಯಮ್ಮನಿಗೆ! ಊರಿನಲ್ಲಿ ಇಷ್ಟು ಮೊಣಕಾಲುಗಳಿದ್ದವು. ನಿನಗೆ ಸಿಕ್ಕಿದ್ದು ಅವಳದೇ.

ಹೌದು ಕಣೇ, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಇಟ್ಟುಕೊಂಡು ತಿರುಗುವ ಅಭ್ಯಾಸ ನನಗಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ, ‘ಊಟ ಆಯ್ತಾ’ ಎಂದು ಕೇಳಿ ಮುಗಿಸುತ್ತೀಯ. ಕಾಗದವನ್ನು ತಿರುಗಿಸಿದರೆ ಹಿಂದುಗಡೆಯೂ ಬರೆದಿರುತ್ತೇನೆ. ಓದು.

ನಾನು ಅಕ್ಷರ ಕಲಿತದ್ದು ಸಾಕ್ಷರತೆ ಆಂದೋಲನದ ತರಗತಿಯಲ್ಲಿ, ಸೊಸೆಯಾಗಿ ಈ ಮನೆಗೆ ಬಂದ ಮೇಲೆ. ನಾನು ಬರೆದ ಮೊದಲ ಪೂರ್ತಿ ವಾಕ್ಯ ‘ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ.’ ಆಮೇಲೆ ನೀರಿಗೆ ಬರೆದೆ, ಪಡಿತರಕ್ಕೆ ಬರೆದೆ, ಸಾರಾಯಿ ಅಂಗಡಿ ಎತ್ತಿಸಿ ಎಂದು ತಹಸೀಲ್ದಾರರಿಗೆ ಬರೆದೆ. ಮಗಳಿಗೆ ಹೇಗೆ ಬರೆಯಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ಇದೂ ಮನವಿ ಪತ್ರದ ಹಾಗೆ ಬರುತ್ತಿದೆ. ಸಹಿಸಿಕೋ.

ಆವತ್ತು ನೆಲಮಂಗಲಕ್ಕೆ ಬಂದದ್ದು ನಿನಗೆ ನೆನಪಿರಬೇಕು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಲಾರಿಗಳ ಮಧ್ಯೆ ಹೆದ್ದಾರಿ ದಾಟಿ, ಕುಂಟಿಕೊಂಡು ನಿಮ್ಮ ಆಸ್ಪತ್ರೆಗೆ ಬಂದೆ. ಮೇಜಿನ ಹಿಂದೆ ಒಬ್ಬ ಹುಡುಗಿ ಕೂತು ಎಲ್ಲವನ್ನೂ ಚೆನ್ನಾಗಿ ಬಿಡಿಸಿ ಹೇಳಿದಳು. ಅರ್ಧ ಜನಕ್ಕೆ ನಿಜವಾದ ಸೂಜಿ, ಅರ್ಧ ಜನಕ್ಕೆ ಸುಳ್ಳು ಸೂಜಿ. ಸುಳ್ಳು ಸೂಜಿ ಚರ್ಮದ ಒಳಗೆ ಇಳಿಯುವುದಿಲ್ಲ, ಮೇಲೆ ತಾಗಿ ನಿಲ್ಲುತ್ತದೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹಾಕಿಸಿಕೊಳ್ಳುವವರಿಗೆ ಕೊನೆಯವರೆಗೂ ಗೊತ್ತಾಗಬಾರದು. ಹಾಗೆ ಮಾಡಿದರೆ ಮಾತ್ರ ಗುಣ ಬಂದದ್ದು ಸೂಜಿಯಿಂದಲೋ, ಸೂಜಿ ಹಾಕಿಸಿಕೊಂಡೆ ಎಂಬ ನಂಬಿಕೆಯಿಂದಲೋ ಎಂದು ತಿಳಿಯುತ್ತದೆ. ಸರಿ ಎಂದೆ. ನನಗೆ ಯಾವುದು ಬಿದ್ದರೂ ಹಾಕುವವಳು ನೀನೇ ತಾನೆ.

ಆಮೇಲೆ ಆ ಹುಡುಗಿ ಕೇಳಿದಳು: “ಚಿಕಿತ್ಸೆ ಕೊಡೋರಿಗೆ ನೀವು ಸಂಬಂಧಿಕರಾ ಅಮ್ಮ?”

“ಸಂಬಂಧ ಏನ್ ಕೇಳ್ತೀಯಮ್ಮ, ಹೆತ್ತೋಳೇ ನಾನು!” ಎಂದೆ. ಜೋರಾಗಿಯೇ ಎಂದೆ. ಸಾಲಿನಲ್ಲಿ ಕೂತ ಹೆಂಗಸರೆಲ್ಲ ತಿರುಗಿ ನೋಡಲಿ ಎಂದೇ ಅಂದೆ. ನೋಡಿದರು ಕೂಡ.

ಹುಡುಗಿಯ ಪೆನ್ನು ನಿಂತಿತು. ಸಂಬಂಧಿಕರನ್ನು ಸೇರಿಸಿಕೊಳ್ಳುವಂತಿಲ್ಲವಂತೆ. ನೀನು ಬಿಳಿ ಕೋಟಿನಲ್ಲಿ ಹೊರಗೆ ಬಂದೆ, ನನಗೊಂದು ಕಾಫಿ ಕೊಡಿಸಿದೆ, ‘ರೂಲ್ಸ್ ಅಮ್ಮಾ, ಇದು ಮುಗೀಲಿ, ಊರಿಗೇ ಬಂದು ಹಾಕ್ತೀನಿ’ ಎಂದೆ. ಬಸ್ಸು ಹತ್ತಿಸಿದೆ. ಕಿಟಕಿಯಲ್ಲಿ ಕೂತು ತಿರುಗಿ ನೋಡುವಷ್ಟರಲ್ಲಿ ನೀನು ಒಳಗೆ ಹೋಗಿಯಾಗಿತ್ತು. ಹೆತ್ತದ್ದೇ ಅನರ್ಹತೆ ಎಂದು ನನಗೆ ಇಲ್ಲಿಯವರೆಗೆ ಯಾವ ಸರ್ಕಾರವೂ ಹೇಳಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಭಾಗ್ಯಮ್ಮ ವಾರಕ್ಕೆ ಎರಡು ಸಲ ತಲೆ ಬಾಚಿಕೊಂಡು, ಹೂ ಮುಡಿದುಕೊಂಡು ಬಸ್ ಸ್ಟಾಪಿಗೆ ಹೋಗತೊಡಗಿದಳು. ಅವಳ ಮಗ ಅಮರ್ ನೆಲಮಂಗಲದ ಗೋಡೌನಿನಲ್ಲಿ ಗಾಡಿ ಓಡಿಸುತ್ತಾನಲ್ಲ, ಅವನೇ ನಿಮ್ಮ ಬೋರ್ಡು ನೋಡಿ ಸೇರಿಸಿದನಂತೆ. ನಾನೇನೂ ಅವಳನ್ನು ಕಾಯುತ್ತಿರಲಿಲ್ಲ. ಅವಳು ಬಸ್ಸಿಳಿಯುವ ಹೊತ್ತಿಗೇ ನನ್ನ ಹಸುವಿಗೆ ಸೀಮೆಹುಲ್ಲು ಬೇಕಾಗುತ್ತಿತ್ತು, ಸೀಮೆಹುಲ್ಲು ಬೇಲಿಯ ಪಕ್ಕದಲ್ಲೇ ಬೆಳೆದಿತ್ತು, ಅಷ್ಟೇ.

ಮೊದಮೊದಲು ಅವಳು ಬೇಲಿ ಹಿಡಿದುಕೊಂಡು ನಡೆಯುತ್ತಿದ್ದಳು. ಆಮೇಲೆ ಹಿಡಿಯದೆ ನಡೆದಳು. ಶ್ರಾವಣ ಮುಗಿಯುವಷ್ಟರಲ್ಲಿ ಹಿತ್ತಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದಳು. ನಾನು ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಅವಳು ಕುಕ್ಕರಗಾಲಿನಲ್ಲಿ!

“ನಿನ್ ಮಗ್ಳ ಕೈ ಏನ್ ಕೈ ಅಂತೀಯಕ್ಕ,” ಎಂದಳು ಒಂದು ದಿನ, ನಾನು ಕೇಳದೆಯೇ. “ಮುಟ್ಟೋಕ್ ಮುಂಚೆ ಎರಡೂ ಕೈ ಉಜ್ಜಿ ಬಿಸಿ ಮಾಡ್ಕೊತಾಳೆ. ಆಮೇಲೇ ಮೊಣಕಾಲ್ ಮೇಲೆ ಇಡೋದು. ಒಂದ್ ಗಳಿಗೆ ಹಂಗೇ ಇಟ್ಕೊಂಡಿರ್ತಾಳೆ. ಅಲ್ಲೇ ಅರ್ಧ ನೋವು ಹೋಯ್ತದೆ ಕಣಕ್ಕ.”

ರಮ್ಯಾ, ಕೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟುವುದನ್ನು ನಿನಗೆ ಕಲಿಸಿದವರು ಯಾರು? ನಿಮ್ಮ ಕಾಲೇಜಲ್ಲ. ಮಾಗಿಯ ಚಳಿಯಲ್ಲಿ ಹಾಲು ಕರೆಯಲು ಕೂರುವಾಗ, ತಣ್ಣನೆ ಕೈ ಹಾಕಿದರೆ ಹಸು ಒದೆಯುತ್ತದೆ ಕಣೇ, ಉಜ್ಜಿಕೋ ಎಂದು ಹೇಳಿಕೊಟ್ಟವಳು ನಾನು. ನನ್ನ ಕೊಟ್ಟಿಗೆಯಲ್ಲಿ ಕಲಿತದ್ದನ್ನು ತೆಗೆದುಕೊಂಡು ಹೋಗಿ ಅವಳ ಮೊಣಕಾಲ ಮೇಲೆ ಇಟ್ಟೆ. ಅವಳು ಅದನ್ನು ತಂದು ನನಗೇ ಹೇಳುತ್ತಾಳೆ, ಅದೂ ಪಾತ್ರೆ ತೊಳೆಯುತ್ತಾ.

ಆ ದಿನವೇ ನಾನು ಊರ ಹೊರಗಿನ ಮುನೇಶ್ವರನ ಹತ್ತಿರ ಹೋದೆ. ದೇವರನ್ನು ನಂಬುವವಳಲ್ಲ ನಾನು, ಹೆಂಗಸರ ಸಂಘದ ಭಾಷಣದಲ್ಲೂ ಹಾಗೆಯೇ ಹೇಳಿದವಳು. ಆದರೂ ಹೋಗಿ ನಿಂತು ಹರಕೆ ಹೊತ್ತೆ: ಅಪ್ಪಾ, ಭಾಗ್ಯಮ್ಮನಿಗೆ ಬಿದ್ದಿರುವುದು ಸುಳ್ಳು ಸೂಜಿಯೇ ಆಗಿರಲಿ. ನಗಬೇಡ. ಮುಂದೆ ಇದು ಬೇಕಾಗುತ್ತದೆ.

ಇದರ ನಡುವೆ ನಿನ್ನ ಹಾಸ್ಟೆಲ್ ಗೆಳತಿ ನವ್ಯಶ್ರೀ ಬಂದಳು. ನೀನೇ ಕಳಿಸಿದ್ದು. ಅವಳದ್ದು ಗಿಡಗಳ ಸಂಶೋಧನೆ. ಲೇಔಟು, ರಸ್ತೆ, ಏರ್‌ಪೋರ್ಟಿನ ಪಾರ್ಕಿಂಗು ಎಂದು ಕಡಿದು ಕಡಿದು, ದೇವನಹಳ್ಳಿ ಸುತ್ತಿನ ಹಳೇ ಚಕ್ಕೋತದಲ್ಲಿ ಎಷ್ಟು ಬಗೆ ಉಳಿದಿದೆ ಎಂದು ನೋಡುವ ಕೆಲಸ. ಎಲೆ ಕಿತ್ತು, ಒಣಗಲು ಏನೋ ಹರಳು ಹಾಕಿದ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ನಂಬರು ಬರೆದುಕೊಳ್ಳುತ್ತಿದ್ದಳು. ಒಳ್ಳೆಯ ಹುಡುಗಿ. ಎರಡು ಮುದ್ದೆ ಉಂಡಳು. ನೀನು ಬಂದರೆ ಅರ್ಧ ಮುದ್ದೆಗೇ ಸಾಕು ಎನ್ನುತ್ತೀಯ.

“ಆಂಟಿ, ಈ ಮರ ಬೀಜದ್ದಾ, ಗೂಟಿದಾ?” ಎಂದು ಕೇಳಿದಳು.

ಗೂಟಿ ಕಟ್ಟುವುದು ನಿನಗೆ ನೆನಪಿದೆಯೋ ಇಲ್ಲವೋ. ಕೊಂಬೆಯ ಸಿಪ್ಪೆಯನ್ನು ಬಳೆಯಷ್ಟಗಲ ಸುಲಿದು, ಮಣ್ಣು ಮೆತ್ತಿ, ಗೋಣಿ ತುಂಡು ಸುತ್ತುತ್ತೇವೆ. ಮಳೆಗಾಲದಲ್ಲಿ ಅಲ್ಲೇ ಬೇರು ಬಿಡುತ್ತದೆ. ಕತ್ತರಿಸಿ ನೆಟ್ಟರೆ ತಾಯಿ ಮರವೇ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಬೀಜ ಹಾಕಿದರೆ ಹಾಗಲ್ಲ. ಬೀಜದ್ದು ಪ್ರತಿಯೊಂದೂ ಬೇರೆ, ಒಂದು ಸಿಹಿ, ಒಂದು ಹುಳಿ, ಒಂದು ಬಾಯಿಗಿಡಲಾಗದ ಕಹಿ.

“ನಮ್ದು ಬೀಜದ್ದು,” ಎಂದೆ. “ನಮ್ಮತ್ತೆ ಸೊಣ್ಣಮ್ಮ ಹಾಕಿದ್ದು. ಇಂಥ ಕೆಂಪು ತೊಳೆ, ಇಂಥ ರುಚಿ ಈ ಊರಲ್ಲಿ ಇನ್ನೊಂದಿಲ್ಲ. ಬೇಲಿ ಆಚೆದು ನೋಡ್ದಲ್ಲ, ಅದು ಬರೀ ಕಹಿ. ಅದ್ರ ಎಲೆ ಯಾಕ್ ಕಿತ್ತೆ, ದಂಡ.”

“ತಿಂದಿದ್ದೀರಾ ಆಂಟಿ ಅದನ್ನ?”

“ಯಾಕ್ ತಿನ್ಲಿ? ನೋಡಿದ್ರೇ ಗೊತ್ತಾಗಲ್ವ?”

ಅವಳು ನಕ್ಕು ಬರೆದುಕೊಂಡಳು. ಏನು ಬರೆದಳೋ.

ಅಕ್ಟೋಬರಿನಲ್ಲಿ ಫಲಿತಾಂಶ ಹಿಡಿದು ತಾನೇ ಬಂದಳು. ಎಲೆಯೊಳಗಿನ ಡಿಎನ್‌ಎ ಓದಿದ್ದಾರಂತೆ. ಊರಿನ ಚಕ್ಕೋತಗಳೆಲ್ಲ ಒಂದಕ್ಕೊಂದು ಬೇರೆ ಬೇರೆ, ಅದೇ ಒಳ್ಳೆಯ ಸುದ್ದಿ ಎಂದಳು. ಬಗೆ ಹೆಚ್ಚು ಉಳಿದಷ್ಟೂ ನಾಳೆ ರೋಗ ಬಂದರೆ ತಡೆಯುವ ಒಂದಾದರೂ ಉಳಿಯುತ್ತದಂತೆ. “ಎರಡು ಮಾತ್ರ ಒಂದೇ ಆಂಟಿ,” ಎಂದಳು. “ನಿಮ್ದು, ಭಾಗ್ಯಮ್ಮ ಆಂಟಿದು. ಅಕ್ಕ-ತಂಗಿ ಅಲ್ಲ, ತಾಯಿ-ಮಗಳೂ ಅಲ್ಲ. ಒಂದೇ ಮರ, ಎರಡು ಹಿತ್ಲಲ್ಲಿ ನಿಂತಿದೆ.”

ಮೂವತ್ತು ವರ್ಷ ಕಹಿ ಕಹಿ ಎಂದು ಉಗಿದದ್ದು ನನ್ನ ಮರಕ್ಕೇ. ಆದರೆ ಆ ಗಳಿಗೆಯಲ್ಲಿ ನನಗೆ ನಾಚಿಕೆ ಬರಲಿಲ್ಲ, ಸಂತೋಷವಾಯಿತು. ಒಂದೇ ಮರ ಎಂದರೆ ಗೂಟಿ. ಗೂಟಿ ಎಂದರೆ ನಮ್ಮ ಕೊಂಬೆ ಕದ್ದಿದ್ದಾಳೆ! ಕೈಗೆ ವಿಜ್ಞಾನವೇ ಸಾಕ್ಷಿ ಕೊಟ್ಟಿತು. ನವ್ಯಶ್ರೀ “ಬೇಡ ಆಂಟಿ, ಸಂಶೋಧನೆ ಜಗಳಕ್ಕಲ್ಲ” ಎಂದು ಸೆರಗು ಹಿಡಿದಳು. ಸೆರಗು ಬಿಡಿಸಿಕೊಂಡು ಬೇಲಿಗೆ ಹೋದೆ. ಮೊಣಕಾಲು ಆಗ ನೋಯಲಿಲ್ಲ, ಅದನ್ನು ನಿಮ್ಮ ಅಧ್ಯಯನಕ್ಕೆ ಬೇಕಾದರೆ ಬರೆದುಕೋ.

“ಲೇ ಭಾಗಿ, ನಮ್ಮ ಮರದ್ ಗೂಟಿ ಯಾವಾಗ್ಲೇ ಕದ್ದಿದ್ದು?”

ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. “ಕದೀಲಿಲ್ಲ ಕಣಕ್ಕ. ನಿಮ್ಮತ್ತೇನೇ ಕಟ್ಟಿ, ಬೇರು ಬಂದ್ಮೇಲೆ ತಂದು ನೆಟ್ಟೋಗಿದ್ದು.”

“ನಮ್ಮತ್ತೆ? ನಿನ್ ಗಂಡ ಗಂಗಣ್ಣ ಸಾರಾಯಿ ಪ್ಯಾಕೆಟ್ ಮಾರ್ತಿದ್ದ. ಅವನ್ ಮನೆ ಹೊಸ್ಲು ತುಳೀತಿದ್ಲಾ ನಮ್ಮತ್ತೆ?”

“ಹೊಸ್ಲು ತುಳೀಲಿಲ್ಲ. ಹಿತ್ಲಾಗೆ ಬತ್ತಿದ್ಲು. ಮಗ ಎತ್ಕೊಂಡು.”

“ಯಾವ ಮಗು?”

“ಇನ್ಯಾವ್ದು ತಾಯಿ? ನಿನ್ ರಮ್ಯ.”

ಆಗ ಅವಳು ಮೊರ ಕೆಳಗಿಟ್ಟಳು. ಸತ್ತ ಗಂಗಣ್ಣ ಕೇಳಿಸಿಕೊಂಡಾನು ಎನ್ನುವ ಹಾಗೆ ದನಿ ತಗ್ಗಿಸಿದಳು. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. ನನ್ನ ಮಾತು ಬೆರೆಸಿದರೆ ಅದು ಬೇರೆಯೇ ಆಗುತ್ತದೆ.

“ನೀವೆಲ್ಲ ಸಾರಾಯಿ ಅಂಗ್ಡಿ ಸುಟ್ರಲ್ಲ, ಆವತ್ತು ರಸ್ತೇಲೇ ಹಿಡ್ದು ವ್ಯಾನಿಗೆ ತುಂಬ್ಕೊಂಡೋದ್ರು. ಮಗ ಮನೇಲೇ ಉಳೀತು. ಪೊಲೀಸ್ನೋರತ್ರ ನಿನ್ ಹೆಸ್ರು ಬರ್ಸಿದ್ದೇ ನನ್ ಗಂಡ. ನಿಮ್ಮತ್ತೆ ಒಳಲೇಲಿ ಹಸಿನ್ ಹಾಲು ಹುಯ್ದು ನೋಡಿದ್ಲು. ಒಗ್ಗಲಿಲ್ಲ. ಕುಡ್ದಿದ್ದೆಲ್ಲ ಕಕ್ತಿತ್ತು. ಮಗ ಅಳೋದ್ನೇ ನಿಲ್ಲಿಸ್ಬಿಡ್ತು ಕಣಕ್ಕ. ಅಳ್ತಿದ್ರೆ ಭಯ ಇಲ್ಲ, ನಿಲ್ಸಿದ್ರೆ ಭಯ. ಆಗ ಬಂದ್ಲು ಹಿತ್ಲಾಗೆ. ಕೇಳ್ಲಿಲ್ಲ, ಸುಮ್ನೆ ನಿಂತ್ಕೊಂಡ್ಲು. ಅಮರ್ ಆಗ ಕೈಗೂಸು. ಅವನಿಗೊಂದ್ಕಡೆ, ಇವಳಿಗೊಂದ್ಕಡೆ. ಗಂಡ ಪ್ಯಾಟೆಗೋದಾಗ, ಹೊಲಕ್ಕೋದಾಗ. ನೀನ್ ಬರೋಗಂಟ. ಅವನಿಗ್ ಗೊತ್ತಾಗಿದ್ರೆ ನನ್ ಕಾಲ್ ಮುರೀತಿದ್ದ. ನಿಂಗ್ ಗೊತ್ತಾಗಿದ್ರೆ ನೀನ್ ಮುರೀತಿದ್ದೆ.”

ಆ ಮಳೆಗಾಲದಲ್ಲೇ ನಮ್ಮತ್ತೆ ಗೂಟಿ ಕಟ್ಟಿದಳಂತೆ. ‘ಇದ್ನ ನೆಟ್ಕೊಳವ್ವ. ನನ್ ಸೊಸೇಗೆ ಮಾತ್ರ ಹೇಳ್ಬೇಡ, ಅವ್ಳು ಉರ್ದೋಗ್ತಾಳೆ’ ಎಂದಳಂತೆ. ಅತ್ತೆ ನನ್ನನ್ನು ಎಷ್ಟು ಚೆನ್ನಾಗಿ ಅರಿತಿದ್ದಳು ನೋಡು.

ನಾನು ವಾಪಸು ಬಂದೆ. ನವ್ಯಶ್ರೀ ಹೊರಟಿದ್ದಳೋ, ಇದ್ದಳೋ ನೆನಪಿಲ್ಲ.

ರಮ್ಯಾ, ಆ ಜೈಲಿನ ಕಥೆಯನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆ! ನೀನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೀಯ. ಲಾಠಿಗೆ ಹೆದರಲಿಲ್ಲ, ಕ್ಷಮೆ ಬರೆದುಕೊಡಿ ಬಿಡುತ್ತೇವೆ ಎಂದರೂ ಬರೆದುಕೊಡಲಿಲ್ಲ, ಹಾಡು ಹೇಳುತ್ತಾ ಕೂತೆವು. ಅದೆಲ್ಲ ನಿಜ. ಸಭೆಯಲ್ಲಿ ಹೇಳದೆ ಇದ್ದದ್ದು ಒಂದಿತ್ತು. ಎದೆ ಕಟ್ಟಿಕೊಂಡು ಕಲ್ಲಾಗಿ ಜ್ವರ ಬಂದಿತ್ತು. ಬೆಳಗೆದ್ದು ಬಚ್ಚಲಿಗೆ ಹೋಗಿ ಗೋಡೆಗೆ ಹಾಲು ಹಿಂಡಿ ಚೆಲ್ಲುತ್ತಿದ್ದೆ. ಇತರ ಹೆಂಗಸರು ಬಕೆಟಿನಿಂದ ನೀರು ಸುರಿದು ತೊಳೆಯುತ್ತಿದ್ದರು. ನಿನ್ನ ಪಾಲಿನದು ಆ ಮೋರಿಗೆ ಹೋಗುತ್ತಿತ್ತು. ನೀನು ಒಳಲೆಯಲ್ಲಿ ಹಸುವಿನ ಹಾಲು ಕುಡಿಯುತ್ತಿದ್ದೀಯ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಬಿಡುಗಡೆಯಾಗಿ ಬಂದ ದಿನ ಹಾರ ಹಾಕಿದರು, ತಮಟೆ ಬಾರಿಸಿದರು. ಹಾರ ಕಿತ್ತೆಸೆದು ನಿನ್ನನ್ನು ಎತ್ತಿಕೊಂಡು ಒಳಗೆ ಹೋದೆ. ನೀನು ಮುಖ ತಿರುಗಿಸಿದೆ. ಮತ್ತೆ ಇಟ್ಟುಕೊಂಡೆ, ಮತ್ತೆ ತಿರುಗಿಸಿದೆ. ‘ಒಳಲೆ ರೂಢಿಯಾಗಿದೆ, ಬಿಡು’ ಎಂದಳು ಅತ್ತೆ. ಬಿಟ್ಟೆ. ಅಂಗಡಿ ಸುಟ್ಟದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ, ನಾಳೆ ಇನ್ನೊಂದು ತೆರೆದರೆ ಕುಂಟಿಕೊಂಡಾದರೂ ಹೋಗಿ ಸುಡುತ್ತೇನೆ. ಆದರೆ ಆ ಮುಖ ತಿರುಗಿಸಿದ್ದು ಒಳಲೆಯ ಕಡೆಗಲ್ಲ, ಬೇಲಿಯ ಕಡೆಗೆ ಎಂದು ಈಗ ಗೊತ್ತಾದರೆ ನಾನು ಏನು ಮಾಡಲಿ? ಯಾರ ಮೇಲೆ ಧಿಕ್ಕಾರ ಕೂಗಲಿ? ಮಗುವನ್ನು ಉಳಿಸಿದವಳ ಮೇಲೆ ಕೂಗಲು ಬರುವುದಿಲ್ಲ. ಕೂಗದೆ ಇರಲೂ ಆಗುತ್ತಿಲ್ಲ.

ಇನ್ನೊಂದು ಮಾತು ನೋಡು. ನಿಮ್ಮ ಮೇಜಿನ ಹುಡುಗಿ ಅವಳನ್ನೂ ಕೇಳಿರಬೇಕು, ಸಂಬಂಧಿಕರಾ ಎಂದು. ಅವಳು ಅಲ್ಲ ಎಂದಿದ್ದಾಳೆ. ಹೌದು ಎಂದ ನಾನು ಹೊರಗೆ ಬಿದ್ದೆ. ಅಲ್ಲ ಎಂದ ಅವಳು ಒಳಗೆ ಹೋಗಿ ಮಂಚದ ಮೇಲೆ ಮಲಗಿದಳು. ಹಾಲು ಕುಡಿಸಿದ್ದು ಸಂಬಂಧವಲ್ಲವೇನೇ? ನಿಮ್ಮ ರೂಲ್ಸಿನಲ್ಲಿ ಅದಕ್ಕೆ ಏನೆಂದು ಬರೆದಿದೆ? ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನೆ ಸೂಜಿ ಹಾಕುತ್ತಾ ಕೂತಿದ್ದೆಯಾ? ಇದಕ್ಕೆ ಉತ್ತರ ಬೇಕು. ಫೋನಿನಲ್ಲಿ ಅಲ್ಲ, ಎದುರಿಗೆ.

ಆಮೇಲೆ ನಾನು ಸೀಮೆಹುಲ್ಲು ಕೊಯ್ಯಲು ಹೋಗಲಿಲ್ಲ. ಹಸುವಿಗೆ ಒಣಹುಲ್ಲು ಹಾಕಿದೆ. ಹಾಲು ಕಡಿಮೆಯಾಯಿತು. ಆಗಲಿ ಎಂದೆ.

ಹೋದ ಶುಕ್ರವಾರ ಭಾಗ್ಯಮ್ಮ ತಾನಾಗಿಯೇ ಬೇಲಿ ಹತ್ತಿರ ಬಂದು ನಿಂತಳು. ನಿಮ್ಮ ಅಧ್ಯಯನ ಮುಗಿದಿತ್ತು. ನೀನು ಅವಳನ್ನು ಕೂರಿಸಿಕೊಂಡು ಇದ್ದದ್ದನ್ನು ಹೇಳಿದ್ದೆ.

“ಅಕ್ಕ, ನಂಗಾಕಿದ್ದು ಸುಳ್ಳು ಸೂಜಿಯಂತೆ.”

ನಾನು ಕೈಲಿದ್ದ ಚೆಂಬು ಕೆಳಗಿಟ್ಟೆ.

“ಒಳಿಕೇ ಹೋಗಲ್ವಂತೆ ಅದು. ನಾಟ್ಕದ್ ಕತ್ತಿ ಇದ್ದಂಗೆ, ಒತ್ತಿದ್ರೆ ಹಿಡೀನೊಳಿಕ್ ಹೋಯ್ತದಂತೆ. ನಾನು ಚುಚ್ತದೆ ಅಂತ ಕಣ್ಮುಚ್ಕೊಂಡು ಹಲ್ ಕಚ್ಕೊಂಡು ಮಲಗ್ತಿದ್ನಲ್ಲಕ್ಕ!”

ನಕ್ಕೆ ಕಣೇ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುನೇಶ್ವರ ನನ್ನಂಥವಳ ಹರಕೆಯನ್ನೂ ಕೇಳಿಸಿಕೊಂಡನಲ್ಲ ಎಂದು ನಕ್ಕೆ. ಅವಳಿಗೆ ಸಿಕ್ಕಿದ್ದು ಏನೂ ಅಲ್ಲ, ಬರೀ ಸೊನ್ನೆ, ನಾಟಕ ಎಂದು ನಕ್ಕೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ನನ್ನ ನಗು ಮುಗಿಯಲಿ ಎಂದು ಕಾದಳು.

“ನಗು, ನಗು. ಸೂಜಿ ಸುಳ್ಳು, ಆಯ್ತು. ವಾರಕ್ ಎರಡ್ ಸಲ ಅರ್ಧರ್ಧ ಗಂಟೆ ನನ್ ಕಾಲ್ ಹಿಡ್ಕೊಂಡ್ ಕೂತಿದ್ದು ಸುಳ್ಳಾ? ‘ಎಲ್ಲಿ ನೋಯ್ತದೆ, ಯಾವಾಗಿಂದ ನೋಯ್ತದೆ’ ಅಂತ ಕೇಳಿದ್ದು ಸುಳ್ಳಾ? ನಂಗ್ ಹೇಳ್ವಾಗ ಕಣ್ಣಾಗ್ ನೀರ್ ತಂದ್ಕೊಂಡ್ಳು ನಿನ್ ಮಗ್ಳು. ಅದೂ ಸುಳ್ಳಾ? ನಿನ್ ಹತ್ರ ಯಾವತ್ತಾದ್ರೂ ಅಷ್ಟೊತ್ತು ಕೂತವ್ಳೇನಕ್ಕ?”

ತಹಸೀಲ್ದಾರರ ಮುಂದೆ, ಇನ್ಸ್‌ಪೆಕ್ಟರ ಮುಂದೆ, ಗಂಗಣ್ಣನ ಮುಂದೆ ನಿಲ್ಲದ ಬಾಯಿ ಇದು. ಎರಡನೇ ತರಗತಿಯೂ ಓದದ ಭಾಗ್ಯಮ್ಮನ ಮುಂದೆ ನಿಂತುಬಿಟ್ಟಿತು. ಅವಳನ್ನು ಅಕ್ಷರದ ತರಗತಿಗೆ ಕಳಿಸು ಎಂದು ಗಂಗಣ್ಣನ ಹತ್ತಿರ ಜಗಳವಾಡಿದವಳೂ ನಾನೇ. ಅವನು ಬಿಡಲಿಲ್ಲ. ಬಿಟ್ಟಿದ್ದರೆ ಇವಳು ನನ್ನನ್ನು ಸಂಘದಿಂದಲೇ ಓಡಿಸುತ್ತಿದ್ದಳು.

ನನಗೆ ಹೊಳೆದದ್ದು ಇಷ್ಟು. ಇಷ್ಟು ದಿನ ನಾನು ಉರಿದದ್ದು ಸೂಜಿಗೆ. ಸೂಜಿ ಅವಳಿಗೆ ಸಿಕ್ಕಿಯೇ ಇರಲಿಲ್ಲ. ಸಿಕ್ಕಿದ್ದು ನೀನು. ಸೂಜಿ ಸುಳ್ಳಾದಾಗ ಉಳಿಯುವುದು ಬೇರೇನು? ಈಗ ಉರಿ ಕಡಿಮೆಯಾಗಬೇಕಿತ್ತು, ದುಪ್ಪಟ್ಟಾಗಿದೆ. ನಿಜವಾದ ಸೂಜಿ ಹಾಕಿದ್ದರೆ ಔಷಧಿ ಅಂದುಕೊಂಡು ಸುಮ್ಮನಾಗುತ್ತಿದ್ದೆ. ನಿಮ್ಮ ದೊಡ್ಡ ಡಾಕ್ಟರುಗಳು ನಿಜ ಎಷ್ಟು, ಸುಳ್ಳು ಎಷ್ಟು ಎಂದು ಲೆಕ್ಕ ಹಾಕುತ್ತಿರಬಹುದು. ಅವರಿಗೆ ನನ್ನ ಪರವಾಗಿ ಕೇಳು, ಎರಡೂ ಕಡೆ ಒಂದೇ ಸಮ ಕೂತ ಹುಡುಗಿಯನ್ನು ಯಾವ ಕಾಲಂನಲ್ಲಿ ಬರೆದಿರಿ ಎಂದು.

ನಿನ್ನ ಮೇಲೂ ಒಂದು ಅನುಮಾನವಿದೆ, ಹೇಳಿಬಿಡುತ್ತೇನೆ. ಯಾರಿಗೆ ಯಾವ ಸೂಜಿ ಎಂದು ಹಾಕುವವಳಿಗೆ ಗೊತ್ತಿರುತ್ತದೆ. ಅವಳಿಗೆ ಸುಳ್ಳು ಹಾಕುತ್ತಿದ್ದೇನೆ ಎಂದು ನಿನಗೆ ಪ್ರತಿ ಸಲ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಅದಕ್ಕೇ ಊರ ಕಡೆ ಬರಲಿಲ್ಲವೇನೇ? ಬಂದರೆ ಬೇಲಿಯಾಚೆಯಿಂದ ಅವಳು ‘ಮಗಾ’ ಎಂದು ಕರೆಯುತ್ತಾಳೆ, ಅವಳ ಮುಖ ನೋಡಬೇಕಾಗುತ್ತದೆ ಎಂದು ಯುಗಾದಿ, ಗೌರಿ, ದೀಪಾವಳಿ ಎಲ್ಲ ತಪ್ಪಿಸಿಕೊಂಡೆಯಾ? ಹಾಗಿದ್ದರೆ ನೋಡು, ಆಸ್ಪತ್ರೆಯಲ್ಲಿ ಕೂತದ್ದೂ ಅವಳಿಗಾಗಿ, ಊರಿಗೆ ಬಾರದೆ ಇದ್ದದ್ದೂ ಅವಳಿಗಾಗಿ. ನಾನು ಎಲ್ಲಿ ಬರುತ್ತೇನೆ?

ಈಗ ಬೇಡಿಕೆ. ನಿಜವಾದ ಸೂಜಿ ತೆಗೆದುಕೊಂಡು ಊರಿಗೆ ಬಾ. ಉದ್ದನೆಯದು, ಚುಚ್ಚುವಂಥದು, ಒಳಗೆ ಇಳಿಯುವಂಥದು. ನನ್ನ ಮೊಣಕಾಲಿಗೆ ಹಾಕು. ಅವಳ ಹಿತ್ತಿಲಿಗೆ ಕಾಣುವ ಹಾಗೆ ನಮ್ಮ ಚಕ್ಕೋತದ ಕೆಳಗೆ ಚಾಪೆ ಹಾಕಿರುತ್ತೇನೆ. ಅವಳನ್ನು ಕರೆಯುವುದಿಲ್ಲ. ನೋಡಿಕೊಂಡು ರಾಗಿ ಕೇರಲಿ. ‘ಡ್ಯೂಟಿ’ ಎಂಬ ಮಾತು ಬಂದರೆ ನಾನೇ ನೆಲಮಂಗಲಕ್ಕೆ ಬಂದು ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ ಧರಣಿ ಕೂರುತ್ತೇನೆ. ಕೂತರೆ ಏಳಲಾರೆ ಎಂದು ಮೊದಲೇ ಬರೆದಿದ್ದೇನೆ, ಎಬ್ಬಿಸುವುದು ನಿಮ್ಮ ಜವಾಬ್ದಾರಿ.

ಆಶೀರ್ವಾದ ಉಳಿದಿದೆ. ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಸಂಬಂಧಿಕಳು,
ಹೆತ್ತ ತಾಯಿ,
ಮುನಿಲಕ್ಷ್ಮಮ್ಮ

ಮರೆತದ್ದು: ಕಾಗದ ಮಡಚಿಟ್ಟು, ಅಂಟು ಹಾಕುವ ಮುಂಚೆ ಬೇಲಿಯ ಹತ್ತಿರ ಹೋಗಿದ್ದೆ, ಹುಲ್ಲಿಗೆ. ಭಾಗ್ಯಮ್ಮ ಮತ್ತೆ ಬೇಲಿ ಹಿಡಿದುಕೊಂಡು ನಡೆಯುತ್ತಿದ್ದಾಳೆ. ನೀನು ಹೇಳಿದ ದಿನದಿಂದ ನೋವು ತಿರುಗಿ ಬಂದಿದೆ. ನನ್ನನ್ನು ಕಂಡು ಬೇಲಿ ಬಿಟ್ಟು ನೆಟ್ಟಗೆ ನಡೆಯಲು ನೋಡಿದಳು, ಆಗಲಿಲ್ಲ. ಒಂದು ಚಕ್ಕೋತ ಕಿತ್ತು ಬೇಲಿಯ ಮೇಲಿಂದ ಕೊಟ್ಟಳು. ಅಲ್ಲೇ ನಿಂತು ಬಿಡಿಸಿ ತಿಂದೆ. ಕಹಿಯಿಲ್ಲ. ನಮ್ಮ ಮರದ್ದೇ ರುಚಿ. ಹಾಗೆಂದು ಅವಳಿಗೆ ಹೇಳಲಿಲ್ಲ, ‘ಪರವಾಗಿಲ್ಲ’ ಎಂದೆ.

ಮೇಲಿನ ಬೇಡಿಕೆಯಲ್ಲಿ ತಿದ್ದುಪಡಿ ಮಾಡಿಕೋ. ನಿಜವಾದ ಸೂಜಿ ಅವಳಿಗೆ ತಾ, ಅವಳಿಗೆ ಅನ್ಯಾಯವಾಗಿದೆ. ಎರಡು ಚಾಪೆ ಹಾಕಿರುತ್ತೇನೆ. ನನಗೆ ಆ ಸುಳ್ಳು ಸೂಜಿಯೇ ಸಾಕು. ಆದರೆ ಅವಳಿಗೆ ಕೊಟ್ಟ ಅರ್ಧ ಗಂಟೆಯಲ್ಲಿ ಒಂದು ನಿಮಿಷವೂ ಕಡಿಮೆಯಾಗಬಾರದು. ಕೈ ಉಜ್ಜಿಕೊಂಡೇ ಮುಟ್ಟಬೇಕು. ಎಲ್ಲಿ ನೋಯುತ್ತದೆ, ಯಾವಾಗಿನಿಂದ ನೋಯುತ್ತದೆ ಎಂದು ಕೇಳಬೇಕು. ಮತ್ತೆ, ಮೊದಲು ನನಗೆ. ಅವಳಿಗೆ ಆಮೇಲೆ.

ಇಪ್ಪತ್ತಮೂರನೇ ತಾರೀಖು, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ಚಕ್ಕೋತದ ಕೆಳಗೆ.